ಹಳೇ ಗಾಡಿಯ ಬ್ಲೋವರಿನಲ್ಲಿ ಇಲಿ ಸಂಸಾರ: ಬಿಡಿಸುವ ಸೂತ್ರಗಳು

ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಪಿಕಪ್ಪನ್ನೋ ಮಿನಿ ಲಾರಿಯನ್ನೋ ಅಡಿಕೆ ಕೊಯ್ಲಿನ ಹೊತ್ತಿಗೆ ಹೊರಗೆ ತೆಗೆಯುವ ಮಲೆನಾಡಿನವರಿಗೆ ಈ ಅನುಭವ ಹೊಸದಲ್ಲ. ಕೀ ತಿರುಗಿಸಿ ಬ್ಲೋವರ್ ಹಾಕಿದ ಕೂಡಲೇ ಮೂಗಿಗೆ ಮೂತ್ರದ ಗಬ್ಬು, ಮುಖಕ್ಕೆ ಭತ್ತದ ಹೊಟ್ಟು, ಡ್ಯಾಶ್‌ಬೋರ್ಡಿನೊಳಗೆ ಟರ್ರೆನ್ನುವ ಸದ್ದು. ಆಮೇಲೆ ಇರುವುದು ಎರಡೇ ದಾರಿ. ಪೇಟೆಯಿಂದ ಸೆಂಟಿನ ಡಬ್ಬಿ ತಂದು ವೆಂಟಿಗೆ ಸಿಕ್ಕಿಸುವುದು, ಇಲ್ಲವೇ ಒಂದು ಭಾನುವಾರ ಕೊಟ್ಟು ಬ್ಲೋವರ್ ಡಬ್ಬ ಬಿಚ್ಚುವುದು. ಮೊದಲನೆಯದರಿಂದ ಸಿಗುವುದು ಮಲ್ಲಿಗೆ ಬೆರೆತ ಇಲಿ ಮೂತ್ರದ ವಾಸನೆ. ಎರಡನೆಯದಕ್ಕೆ ಮನಸ್ಸು ಮಾಡಿದವರು ಮುಂದೆ ಓದಬಹುದು.

1. ವಾಸನೆ ಬಂದ ಕ್ಷಣ ಬ್ಲೋವರ್ ನಿಲ್ಲಿಸಿ

"ಸ್ವಲ್ಪ ಹೊತ್ತು ಓಡಲಿ ಬಿಡಿ, ಎಲ್ಲ ಹಾರಿಹೋಗುತ್ತೆ" ಅನ್ನುವವರಿದ್ದಾರೆ. ಹಾರುವುದು ನಿಜ. ಹಾರಿ ಬರುವುದು ಮಾತ್ರ ನಿಮ್ಮ ಮುಖಕ್ಕೆ. ಅದಕ್ಕಿಂತ ದೊಡ್ಡ ಅಪಾಯ ಬೆಂಕಿಯದು. ಬ್ಲೋವರಿನ ವೇಗ ಹೆಚ್ಚು ಕಡಿಮೆ ಮಾಡುವ ರೆಸಿಸ್ಟರ್ ಎಂಬ ಪುಟ್ಟ ಭಾಗವನ್ನು ಹಳೆಯ ಗಾಡಿಗಳಲ್ಲಿ ಬೇಕೆಂದೇ ಗಾಳಿ ಹಾಯುವ ಜಾಗದಲ್ಲಿ ಕೂರಿಸಿರುತ್ತಾರೆ. ಕೆಲಸ ಮಾಡುವಾಗ ಅದು ಕಾಯುತ್ತದೆ, ಬೀಸುವ ಗಾಳಿ ಅದನ್ನು ತಣಿಸುತ್ತದೆ. ಇಲಿ ತಂದು ತುರುಕಿದ ಗೋಣಿನಾರು ಅದರ ಮೈಗೆ ಅಂಟಿಕೊಂಡು, ಗಾಳಿಯೂ ಕಟ್ಟಿದರೆ ಹೊಗೆ ಏಳಲು ಹೆಚ್ಚು ಹೊತ್ತು ಬೇಡ. ಬ್ಲೋವರ್ ಒಂದು, ಎರಡರಲ್ಲಿ ತಿರುಗದೆ ಕೊನೆಯ ಸ್ಪೀಡಿನಲ್ಲಿ ಮಾತ್ರ ತಿರುಗುತ್ತಿದ್ದರೆ ಆ ರೆಸಿಸ್ಟರ್ ಆಗಲೇ ಸುಟ್ಟಿರುವ ಸಂಭವವೇ ಹೆಚ್ಚು.

2. ಗಾಳಿ ಬರುವ ದಾರಿಯೇ ಇಲಿ ಬರುವ ದಾರಿ

ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೂತಿರುವ ಕಡೆ ಒಂದು ಜಾಲರಿ ಇದೆಯಲ್ಲ, ಹೊರಗಿನ ಗಾಳಿ ಒಳಗೆ ಹೋಗುವುದು ಅಲ್ಲಿಂದ. ಅದರ ಕೆಳಗೊಂದು ತೊಟ್ಟಿಯಂಥ ಜಾಗ. ಅಲ್ಲಿಂದ ಬ್ಲೋವರ್ ಡಬ್ಬಕ್ಕೆ. ಎಸಿ ಇದ್ದರೆ ಮುಂದೆ ಕೂಲಿಂಗ್ ಕಾಯಿಲ್, ಹೀಟರ್ ಇದ್ದರೆ ಅದರ ಕೋರ್, ಕೊನೆಗೆ ಕೊಳವೆಗಳ ಮೂಲಕ ವೆಂಟ್. ಈ ಸಾಲನ್ನು ಒಂದು ಚೀಟಿಯಲ್ಲಿ ಗೀಚಿಕೊಂಡರೆ ಕೆಲಸದ ನಡುವೆ ತಲೆ ಕೆಡುವುದಿಲ್ಲ.

ಇಲಿಗೆ ಇನ್ನೂ ಒಂದಷ್ಟು ಬಾಗಿಲುಗಳಿವೆ. ಎಂಜಿನ್ ಕಡೆಯಿಂದ ಕ್ಯಾಬಿನ್ನಿಗೆ ವೈರು, ಕೇಬಲ್ಲು, ಪೈಪು ಬರುವ ತೂತುಗಳಲ್ಲಿ ಹೊಸ ಗಾಡಿಯಾದರೆ ರಬ್ಬರ್ ಬಿರಟೆ ಇರುತ್ತದೆ. ಹತ್ತಾರು ಗ್ಯಾರೇಜು ಕಂಡ ಗಾಡಿಯಲ್ಲಿ ಅದು ಯಾವಾಗಲೋ ಬಿದ್ದುಹೋಗಿರುತ್ತದೆ. ಎಸಿ ನೀರು ಹೊರಬೀಳುವ ಪೈಪೂ ಒಂದು ಕಳ್ಳದಾರಿ.

ಎಸಿ ಇಲ್ಲದ ಹಳೆಯ ಲಾರಿಯಾದರೆ ಕೆಲಸ ಅರ್ಧಕ್ಕರ್ಧ ಕಡಿಮೆ. ಆ ಸುಖ ಇನ್ನು ಹೆಚ್ಚು ವರ್ಷ ಇರದು. 2025ರ ಅಕ್ಟೋಬರ್ 1ರಿಂದ ತಯಾರಾಗುವ, 3.5 ಟನ್ನಿಗಿಂತ ಹೆಚ್ಚು ತೂಕದ ಸರಕು ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಡ್ರೈವರಿಗೆ ಬಹಳ ಹಿಂದೆಯೇ ಸಿಗಬೇಕಿದ್ದ ಸೌಲಭ್ಯ ಅದು. ಇಲಿಗೂ ಒಂದು ಕೋಣೆ ಹೆಚ್ಚು ಸಿಕ್ಕಿತು.

3. ಕೈ ಹಾಕುವ ಮುಂಚೆ ಬೆಳಕು ಹಾಕಿ

ಇಲಿ ಇದ್ದಲ್ಲಿಗೆ ಕೇರೆ ಹಾವು ಬರುತ್ತದೆ, ಕೆಲವೊಮ್ಮೆ ನಾಗರವೂ. ತೋಟದ ನಡುವೆ ನಿಂತ ಗಾಡಿಯ ಡ್ಯಾಶ್‌ಬೋರ್ಡಿನಡಿಗೆ ಬರಿಗೈ ತೂರಿಸುವುದು ಗಂಡೆದೆಯ ಲಕ್ಷಣವಲ್ಲ. ಮೊದಲು ಬಾನೆಟ್ ಎತ್ತಿ, ಎರಡೂ ಬಾಗಿಲು ತೆಗೆದು ಅರ್ಧ ಗಂಟೆ ಬಿಡಿ. ಒಳಗೆ ಕಟ್ಟಿಕೊಂಡ ಗಾಳಿಯೂ ಹೋಗುತ್ತದೆ, ಒಳಗಿರುವ ಜೀವಿಗೆ ಓಡಿಹೋಗಲು ಅವಕಾಶವೂ ಸಿಗುತ್ತದೆ. ಆಮೇಲೆ ಡ್ಯಾಶ್‌ಬೋರ್ಡನ್ನು ನಾಲ್ಕು ಸಲ ತಟ್ಟಿ, ಟಾರ್ಚು ಹಿಡಿದು ನೋಡಿ.

4. ಹವಾ ಹೊಡೆಯಬೇಡಿ

ಇಡೀ ಲೇಖನದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಗ್ಯಾರೇಜಿಗೆ ಗಾಡಿ ಬಿಟ್ಟರೆ ಹುಡುಗ ಹೇಳುವ ಮೊದಲ ಮಾತೇ "ಅಣ್ಣಾ, ಎರಡೇ ನಿಮಿಷ, ಹವಾ ಹೊಡ್ದು ಬಿಡ್ತೀನಿ" ಅಂತ. ಅವನಿಗೆ ಏರ್ ಫಿಲ್ಟರಿಗೆ ಹೊಡೆದು ಅಭ್ಯಾಸ. ಇಲ್ಲಿ ಹೊಡೆದರೆ ಒಣಗಿದ ಹಿಕ್ಕೆ, ಮೂತ್ರ ಮೆತ್ತಿದ ನಾರು ಎಲ್ಲ ಹಿಟ್ಟಾಗಿ ಮೊದಲು ಅವನ ಶ್ವಾಸಕೋಶಕ್ಕೆ ಹೋಗುತ್ತದೆ. ಉಳಿದದ್ದು ಕಾಯಿಲ್ಲಿನ ರೆಕ್ಕೆಗಳ ಸಂದಿಗೆ ಸೇರಿ, ಮತ್ತೆ ಕೈಗೆ ಸಿಗದ ಹಾಗೆ ಕೂರುತ್ತದೆ. ಒಣ ಪೊರಕೆ, ಮನೆಯ ವ್ಯಾಕ್ಯೂಮ್ ಕ್ಲೀನರ್‌ಗೂ ಇದೇ ಮಾತು. ಕೈಲಾಗದೆ ಗ್ಯಾರೇಜಿಗೇ ಕೊಡುವುದಾದರೂ ಈ ಒಂದು ವಿಷಯವನ್ನು ಹುಡುಗನ ಎದುರು ನಿಂತು ಹೇಳಿ, ಅವನ ಕೈಗೊಂದು ಮಾಸ್ಕ್ ಕೊಟ್ಟೇ ಬನ್ನಿ.

ಧೂಳೆಬ್ಬಿಸಬಾರದು ಎಂಬ ಎಚ್ಚರ ಜಗತ್ತಿಗೆ ಗಟ್ಟಿಯಾಗಿ ಬಂದದ್ದು 1993ರಲ್ಲಿ. ಅಮೆರಿಕದ ನಾಲ್ಕು ರಾಜ್ಯಗಳ ಗಡಿ ಕೂಡುವ ಪ್ರದೇಶದಲ್ಲಿ ಗಟ್ಟಿಮುಟ್ಟಾದ ಯುವಕರು ಉಸಿರು ಕಟ್ಟಿ ಸತ್ತರು. ಹುಡುಕಿದಾಗ ಸಿಕ್ಕಿದ್ದು ಅಲ್ಲಿನ ಒಂದು ಜಾತಿಯ ಕಾಡಿಲಿ ಹೊತ್ತ ಹಂಟಾ ವೈರಸ್. ಅದು ಮನುಷ್ಯರಿಗೆ ತಗುಲುವುದು ಹೆಚ್ಚಾಗಿ ಹಿಕ್ಕೆ, ಮೂತ್ರದ ಧೂಳನ್ನು ಉಸಿರಾಡಿದಾಗ. ಆ ಇಲಿ ನಮ್ಮಲ್ಲಿಲ್ಲ. ಆದರೆ 1964ರಲ್ಲೇ ಪಕ್ಕದ ವೆಲ್ಲೂರಿನಲ್ಲಿ ಹಿಡಿದ, ಇಲಿಯಂತೆ ಕಂಡರೂ ಇಲಿಯಲ್ಲದ ಸುಂಡಿಲಿಯೊಂದರಲ್ಲಿ ಹಂಟಾ ಕುಟುಂಬದ್ದೇ ಆದ ತೊಟ್ಟಪಾಳಯಂ ವೈರಸ್ ಸಿಕ್ಕಿತ್ತು. ಹಾಗಂತ ಬೆಚ್ಚಿಬೀಳುವುದು ಬೇಡ.

ನಮ್ಮ ಕಡೆಯ ನಿಜವಾದ ಶತ್ರು ಇಲಿ ಜ್ವರ. ಇಲಿಯ ಮೂತ್ರದಲ್ಲಿ ಬರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಕೈಯ ಗೀರುಗಾಯ, ಕಣ್ಣು, ಬಾಯಿಯ ಮೂಲಕ ಒಳಹೊಗುತ್ತದೆ. ತೇವ ಇದ್ದಷ್ಟು ದಿನ ಬದುಕುತ್ತದೆ, ಬಿಸಿಲಿಗೆ ಒಣಗಿದರೆ ಸಾಯುತ್ತದೆ. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗದ ಆಸ್ಪತ್ರೆಗಳಿಗೆ ಇದು ಪ್ರತಿ ಮಳೆಗಾಲದ ಅತಿಥಿ. ಡಬ್ಬ ತೊಳೆದ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕೆಂಗಣ್ಣು ಕಾಣಿಸಿದರೆ ಮೆಡಿಕಲ್ ಶಾಪಿನ ಮಾತ್ರೆಯಲ್ಲಿ ದಿನ ತಳ್ಳದೆ ಡಾಕ್ಟರ ಹತ್ತಿರ ಹೋಗಿ, ಇಲಿ ಹಿಕ್ಕೆ ಬಳಿದಿದ್ದೆ ಎಂದು ಬಾಯಿಬಿಟ್ಟು ಹೇಳಿ. ಹೇಳದೆ ಅವರಿಗೂ ಹೊಳೆಯುವುದಿಲ್ಲ.

5. ಕೈಗವಸು ರಬ್ಬರಿನದಿರಲಿ, ಮಾಸ್ಕ್ ಎನ್-95 ಇರಲಿ

ಕೋವಿಡ್ ಕಾಲದ ಮಾಸ್ಕ್ ಮನೆಯ ಯಾವುದೋ ಡ್ರಾಯರಿನಲ್ಲಿ ಇದ್ದೇ ಇರುತ್ತದೆ. ಟವೆಲ್ ಕಟ್ಟಿಕೊಳ್ಳುವುದು ಮಾಸ್ಕ್ ಅಲ್ಲ. ಡ್ಯಾಶ್‌ಬೋರ್ಡಿನ ತಗಡು ಕೈ ಗೀರದೆ ಬಿಡದು, ಆದ್ದರಿಂದ ತೆಳು ಪ್ಲಾಸ್ಟಿಕ್ ಕೈಗವಸು ಸಾಲದು. ತಲೆ ಮೇಲೆತ್ತಿ ಮಾಡುವ ಕೆಲಸ ಇದು, ಕಣ್ಣಿಗೊಂದು ಕನ್ನಡಕ ಬೇಕು.

6. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಫೋಟೋ ತೆಗೆಯಿರಿ

ಬಿಚ್ಚುವ ಪ್ರತಿ ಕಪ್ಲರಿಗೆ ಒಂದು ಫೋಟೋ. ಸ್ಕ್ರೂಗಳು ಬೇರೆ ಬೇರೆ ಉದ್ದದವು. ಎಲ್ಲಿಯದನ್ನು ಎಲ್ಲಿಗೋ ತಿರುಗಿಸಿದರೆ ಡಬ್ಬದ ಪ್ಲಾಸ್ಟಿಕ್ ಸೀಳುತ್ತದೆ. ಹಳದಿ ಬಣ್ಣದ ವೈರಿನ ತಂಟೆಗೆ ಹೋಗಬೇಡಿ, ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅದು ಸಾಮಾನ್ಯವಾಗಿ ಅದರದ್ದೇ.

7. ಮೊದಲು ನೆನೆಸಿ, ಆಮೇಲೆ ಎತ್ತಿ

ಒಂದು ಪಾಲು ಮನೆಬಳಕೆಯ ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು. ಬೇಕಾದಷ್ಟನ್ನೇ ಆಗಿಂದಾಗ್ಗೆ ಕಲಸಿಕೊಳ್ಳಿ, ನಿನ್ನೆಯದಕ್ಕೆ ಕಸುವಿರದು. ಗಿಡಕ್ಕೆ ಔಷಧಿ ಹೊಡೆಯುವ ಕೈ ಸ್ಪ್ರೇಯರಿನಲ್ಲಿ ತುಂಬಿ ಗೂಡಿನ ಮೇಲೆ ಜಿನುಗುವಂತೆ ಬಿಡಿ. ಜೋರಾಗಿ ಚಿಮ್ಮಿಸಿದರೆ ಮತ್ತೆ ಧೂಳೇ. ಹಿಕ್ಕೆ ತೊಯ್ದು ಮೆತ್ತಗಾಗಲು ಐದು ನಿಮಿಷ ಕಾಯಿರಿ. ಆಮೇಲೆ ಹಳೆ ನ್ಯೂಸ್‌ಪೇಪರಿನಲ್ಲಿ ಹಿಡಿದೆತ್ತಿ ಪ್ಲಾಸ್ಟಿಕ್ ಚೀಲಕ್ಕೆ, ಆ ಚೀಲ ಇನ್ನೊಂದು ಚೀಲಕ್ಕೆ.

ಬ್ಲೀಚಿಗೆ ಕಕ್ಕಸು ತೊಳೆಯುವ ಆಸಿಡ್ಡನ್ನಾಗಲಿ, ಅಮೋನಿಯಾ ಇರುವ ಗಾಜು ಒರೆಸುವ ದ್ರವವನ್ನಾಗಲಿ ಸೇರಿಸಲೇಬೇಡಿ. ಹೊರಡುವುದು ವಿಷಗಾಳಿ. ಅದೂ ಇಬ್ಬರು ಕೂರುವಷ್ಟು ಕ್ಯಾಬಿನ್ನಿನೊಳಗೆ. ವೈರು, ಮೋಟರಿನ ಮೇಲೆ ದ್ರಾವಣ ಸುರಿಯುವುದೂ ಬೇಡ, ಬಟ್ಟೆ ಅದ್ದಿ ಹಿಂಡಿ ಒರೆಸಿದರೆ ಸಾಕು.

8. ಮೇಲಿನಿಂದ ಕೆಳಕ್ಕೆ ಬನ್ನಿ

ಮೊದಲು ವೈಪರ್ ತೋಳು, ಗಾಜಿನ ಬುಡದ ಜಾಲರಿ ಬಿಚ್ಚಿ. ಕೆಳಗಿನ ತೊಟ್ಟಿಯಲ್ಲಿ ಮಾವಿನೆಲೆ, ಹುಣಸೆ ಸೊಪ್ಪು, ಮಣ್ಣು ಸೇರಿ ಗೊಬ್ಬರವಾಗಿರುತ್ತದೆ. ಇಲಿಗೆ ಮೊದಲ ಮೆಟ್ಟಿಲು ಅದೇ. ತೊಟ್ಟಿಯ ಎರಡು ತುದಿಯಲ್ಲಿ ಮಳೆನೀರು ಹೋಗುವ ತೂತುಗಳಿರುತ್ತವೆ, ಕಡ್ಡಿಯಲ್ಲಿ ಬಿಡಿಸಿ. ಆ ತೂತು ಕಟ್ಟಿದರೆ ನೀರು ನಿಂತು ತಗಡು ತುಕ್ಕು ಹಿಡಿಯುತ್ತದೆ. ತುಕ್ಕು ತಿಂದ ತೂತಿನಿಂದ ಮುಂದಿನ ವರ್ಷ ಇನ್ನೊಂದು ಇಲಿ. ಕೆಳಗಿನಿಂದ ಶುರುಮಾಡಿದವರು ಎರಡೆರಡು ಸಲ ತೊಳೆಯುತ್ತಾರೆ.

9. ಬ್ಲೋವರನ್ನು ಪೂರ್ತಿ ಕೆಳಗಿಳಿಸಿ

ನಮ್ಮ ಬಹುಪಾಲು ಗಾಡಿಗಳಲ್ಲಿ ಅದು ಎಡಗಡೆ, ಗ್ಲವ್ ಬಾಕ್ಸಿನ ಹಿಂದೆ ಅಥವಾ ಕೆಳಗೆ ಇರುತ್ತದೆ. ಒಂದು ಕಪ್ಲರು, ಸಾಮಾನ್ಯವಾಗಿ ಮೂರು ಸ್ಕ್ರೂ. ಡ್ಯಾಶ್‌ಬೋರ್ಡಿನ ಕೆಳಗೆ ಬೆನ್ನು ಬಗ್ಗಿಸಿ ಮಲಗುವುದೇ ಇದರ ಕಷ್ಟ. ಕೊನೆಯ ಸ್ಕ್ರೂ ತೆಗೆಯುವ ಮೊದಲು ಕೆಳಗೊಂದು ಅಗಲ ಬಾಣಲೆ ಇಡಿ.

ಮೋಟರಿನ ಜೊತೆ ಇಳಿಯುವ ಪ್ಲಾಸ್ಟಿಕ್ ಚಕ್ರ ಗಿರಣಿಯ ಜರಡಿಯ ಹಾಗೆ ಸುತ್ತ ಸಂದಿ ಸಂದಿಯಾಗಿರುತ್ತದೆ. ಇಲಿಗೆ ಇದರ ಒಳಹೊಟ್ಟೆ ಅಂದರೆ ಪ್ರಾಣ. ಬೆಚ್ಚಗಿದೆ, ದುಂಡಗಿದೆ, ಮಳೆ ಬೀಳದು. ಗೂಡನ್ನು ಚಿಮಟದಲ್ಲಿ ಬಿಡಿಸಿ ನೋಡಿದರೆ ನಿಮ್ಮ ಗಾಡಿಯ ವರ್ಷದ ಲೆಕ್ಕಪತ್ರವೇ ಅಲ್ಲಿರುತ್ತದೆ. ಹೊರಪದರದಲ್ಲಿ ಸೀಟಿನ ಸ್ಪಂಜು, ಗೋಣಿದಾರ, ಟರ್ಪಾಲಿನ ನೀಲಿ ಎಳೆ. ನಡುವೆ ಮೆಕ್ಕೆಜೋಳ, ಶೇಂಗಾ ಸಿಪ್ಪೆ, ಕಚ್ಚಿಟ್ಟ ಅಡಿಕೆ. ತೀರ ಒಳಗೆ ಟೋಲ್ ಚೀಟಿ, ಮಂಡಿಯ ಬಿಲ್ಲು ಹರಿದು ಹತ್ತಿಯಷ್ಟು ಮೆತ್ತಗೆ ಮಾಡಿದ ಹಾಸಿಗೆ. ಕೆಲಸಗಾರಿಕೆಗೆ ಒಂದು ಶಹಬ್ಬಾಸ್ ಹೇಳಿ ಚೀಲಕ್ಕೆ ಹಾಕಿ.

ಚಕ್ರದ ಒಂದೊಂದು ಸಂದಿಯನ್ನೂ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಬೇಕು. ಒಂದೇ ಕಡೆ ಒಂದಿಷ್ಟು ಕೆಸರು ಉಳಿದರೂ ತೂಕ ತಪ್ಪಿ ಚಕ್ರ ನಡುಗುತ್ತದೆ. ಮೋಟರಿನ ಬುಷ್ ಬೇಗ ಸವೆಯುತ್ತದೆ. ಚಕ್ರದ ಹಲ್ಲು ಕಡಿದಿದ್ದರೆ ಫೆವಿಕ್ವಿಕ್ ಹಾಕಿ ಅಂಟಿಸುವ ಸಾಹಸ ಬೇಡ, ಬದಲಿಸಿ. ಕೈಯಲ್ಲಿ ತಿರುಗಿಸಿದರೆ ಸದ್ದಿಲ್ಲದೆ ತಿರುಗಬೇಕು.

ಬ್ಲೋವರ್ ಇಳಿದ ತೂತಿನಿಂದ ಡಬ್ಬದೊಳಗೆ ಮೊಬೈಲ್ ತೂರಿಸಿ, ಫ್ಲ್ಯಾಶ್ ಹಾಕಿ ವಿಡಿಯೋ ತೆಗೆಯಿರಿ. ಕಣ್ಣಿಗೆ ನಿಲುಕದ ಮೂಲೆಯೆಲ್ಲ ಅದರಲ್ಲಿ ಕಾಣುತ್ತದೆ. ರೆಸಿಸ್ಟರನ್ನೂ ಬಿಚ್ಚಿ ಅದರ ಸುರುಳಿಗೆ ಅಂಟಿದ ನಾರನ್ನು ಒಂದೊಂದಾಗಿ ಬಿಡಿಸಿ.

10. ಕಾಯಿಲ್ಲಿಗೆ ಬ್ಲೀಚ್ ತೋರಿಸಬೇಡಿ

ಕೂಲಿಂಗ್ ಕಾಯಿಲ್ಲಿನ ರೆಕ್ಕೆಗಳು ತೆಳು ಅಲ್ಯುಮಿನಿಯಂ. ಬ್ಲೀಚ್ ಅದನ್ನು ತಿನ್ನುತ್ತದೆ, ಇಂದು ಶುಚಿಯಾದ ಕಾಯಿಲ್ಲಿನಿಂದ ನಾಳೆ ಗ್ಯಾಸ್ ಸೋರುತ್ತದೆ. ಬಿಡಿಭಾಗಗಳ ಅಂಗಡಿಯಲ್ಲಿ ಕಾಯಿಲ್ಲಿಗೆಂದೇ ಸಿಗುವ ನೊರೆಯ ಸ್ಪ್ರೇ ತನ್ನಿ. ಹೊಡೆದು ಬಿಟ್ಟು, ಮೆತ್ತನೆ ಬ್ರಷ್ಷನ್ನು ರೆಕ್ಕೆಯ ಉದ್ದಕ್ಕೇ ಆಡಿಸಿ, ಅಡ್ಡಕ್ಕೆ ಬೇಡ. ನಂತರ ಚೊಂಬಿನಲ್ಲಿ ನಿಧಾನ ನೀರು. ಹೊಯ್ದ ನೀರು ಗಾಡಿಯ ಕೆಳಗೆ ಪೈಪಿನಿಂದ ಬರಬೇಕು. ಬಾರದೆ ಕಾಲಡಿಯ ಮ್ಯಾಟಿಗೆ ಬಂದರೆ ಪೈಪು ಕಟ್ಟಿದೆ ಎಂದರ್ಥ.

ಗ್ಯಾಸಿನ ಪೈಪಿನ ನಟ್ಟಿಗೆ ಮಾತ್ರ ಪಾನ ಇಡಬೇಡಿ. ಕಾಯಿಲ್ಲಿನ ಹಿಂದೆಯೂ ಗೂಡಿದ್ದರೆ ಅದು ಎಸಿ ಮೆಕ್ಯಾನಿಕ್ಕಿನ ಕೆಲಸ. ಅವರು ಗ್ಯಾಸ್ ಹೊರತೆಗೆದು ಕಾಯಿಲ್ ಇಳಿಸುತ್ತಾರೆ. ಖರ್ಚು ಮಾಡುವುದಾದರೆ ಇಲ್ಲಿ ಮಾಡಿ, ಸೆಂಟಿನ ಡಬ್ಬಿಗಲ್ಲ.

11. ಉಚ್ಚೆ ಕುಡಿದದ್ದನ್ನು ಎಸೆಯಿರಿ

ಪ್ಲಾಸ್ಟಿಕ್ಕು, ತಗಡು ತೊಳೆದರೆ ಶುಚಿಯಾಗುತ್ತದೆ. ಡಬ್ಬದ ಅಂಚಿನ ಸ್ಪಂಜು ಪಟ್ಟಿ, ಬಾನೆಟ್ಟಿನಡಿಯ ನಾರಿನ ಹಾಸು, ಕಾಲಡಿಯ ದಪ್ಪ ಫೆಲ್ಟು ಆಗುವುದಿಲ್ಲ. ಕ್ಯಾಬಿನ್ ಫಿಲ್ಟರ್ ಇರುವ ಗಾಡಿಯಾದರೆ ಅದನ್ನೂ ಎಸೆಯಿರಿ. "ತೊಳೆದು ಒಣಗಿಸಿದರೆ ಇನ್ನೊಂದು ವರ್ಷ ಬರುತ್ತೆ" ಎಂಬ ಲೋಭದಿಂದ ಇಡೀ ದಿನದ ದುಡಿಮೆ ನೀರುಪಾಲು.

12. ವೈರನ್ನು ಬೆರಳಿಂದ ಸವರಿ ನೋಡಿ

ಇಲಿಯ ಬಾಚಿಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಅದು ಕಡಿಯದೆ ಇರಲಾರದು. ಕಣ್ಣಿಗೆ ಕಾಣದ ಕಡಿತ ಬೆರಳಿಗೆ ಸಿಗುತ್ತದೆ. ತುಂಡಾದ ವೈರನ್ನು ತಿರುಚಿ ಟೇಪು ಸುತ್ತಿದರೆ ಡ್ಯಾಶ್‌ಬೋರ್ಡಿನ ಕಾವಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಬೆಸುಗೆ ಹಾಕಿಸಿ, ಕಾಯಿಸಿದರೆ ಬಿಗಿಯಾಗುವ ಸ್ಲೀವ್ ತೊಡಿಸಿ. ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರಿನದ್ದೇ ಬೇಕು. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ "ಅಡ್ಜಸ್ಟ್" ಮಾಡಿದ ಗಾಡಿಗಳು ಹೆದ್ದಾರಿ ಪಕ್ಕದಲ್ಲಿ ಸುಟ್ಟು ನಿಂತಿರುವುದನ್ನು ಎಲ್ಲರೂ ನೋಡಿದ್ದೇವೆ.

13. ಬಿಸಿಲಲ್ಲಿ ಒಣಗಿಸಿ, ಮೂಗಿನಿಂದ ಪರೀಕ್ಷಿಸಿ

ಭಾಗಗಳಿಗೆ ಒಂದು ಇಡೀ ಹಗಲಿನ ಬಿಸಿಲು. ಜೋಡಿಸಿದ ಮೇಲೆ ಬಾಗಿಲು ತೆರೆದಿಟ್ಟು ಬ್ಲೋವರ್ ಓಡಿಸಿ. ಇನ್ನೂ ವಾಸನೆ ಇದ್ದರೆ ಮೂಲ ಹುಡುಕಲು ಸುಲಭದ ಉಪಾಯವಿದೆ. ಹೊರಗಿನ ಗಾಳಿಯ ಮೋಡಿನಲ್ಲಿ ಮಾತ್ರ ನಾರಿದರೆ ಗಾಜಿನ ಬುಡದ ತೊಟ್ಟಿಯಲ್ಲೇ ಏನೋ ಉಳಿದಿದೆ. ಒಳಗಿನ ಗಾಳಿಯ ಮೋಡಿನಲ್ಲೂ ನಾರಿದರೆ ಡಬ್ಬ ಅಥವಾ ಕಾಯಿಲ್. ಬ್ಲೋವರ್ ನಿಲ್ಲಿಸಿದರೂ ನಾರುತ್ತಿದ್ದರೆ ಸೀಟಿನಡಿ ನೋಡಿ.

14. ಅದೇ ಸಂಜೆ ತೂತು ಮುಚ್ಚಿ

ಶುಚಿ ಮಾಡಿ ಸುಸ್ತಾಗಿ, ಮುಚ್ಚುವುದು ನಾಳೆಗಾಯಿತು ಅಂದವರಿಗೆ ನಾಳೆ ಬರುವುದು ಮುಂದಿನ ಮಳೆಗಾಲಕ್ಕೆ. ಪೆನ್ಸಿಲ್ ತೂರುವ ತೂತಿನಲ್ಲಿ ಚಿಕ್ಕ ಜಾತಿಯ ಇಲಿ ತೂರುತ್ತದೆ, ಹೆಬ್ಬೆರಳು ತೂರುವಲ್ಲಿ ದೊಡ್ಡದು ಆರಾಮಾಗಿ ನುಗ್ಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲಿಂಚು ಕಣ್ಣಿನ ಕಬ್ಬಿಣದ ಜಾಲರಿ ಕೇಳಿ, ಗಾಳಿ ಒಳಬರುವ ಬಾಯಿಗೆ ಕತ್ತರಿಸಿ ಸ್ಕ್ರೂ ಹಾಕಿ. ಸೊಳ್ಳೆ ಪರದೆ ಬೇಡ, ಅದನ್ನು ಇಲಿ ಒಂದೇ ರಾತ್ರಿಯಲ್ಲಿ ಕಡಿಯುತ್ತದೆ. ಫೋಮ್ ತುಂಬಿಸಿದರೆ ಮುಂದಿನ ಗೂಡಿಗೆ ಸಾಮಾನು ಒದಗಿಸಿದ ಹಾಗೆ. ವೈರು ಬರುವ ತೂತಿಗೆ ಹೊಸ ರಬ್ಬರ್ ಬಿರಟೆ, ಖಾಲಿ ತೂತಿಗೆ ತಗಡಿನ ತುಂಡು, ಸಂದಿಗೆ ಎಂ-ಸೀಲ್. ಎಸಿ ನೀರಿನ ಪೈಪಿನ ತುದಿಗೂ ಜಾಲರಿ ಸುತ್ತಬಹುದು, ಆದರೆ ಅದು ಕಟ್ಟದಂತೆ ಆಗಾಗ ಬಿಡಿಸುವ ಶಿಸ್ತು ಇರುವವರು ಮಾತ್ರ.

15. ಆಯುಧ ಪೂಜೆಯ ಪ್ರಸಾದ ಕ್ಯಾಬಿನ್ನಿನಲ್ಲಿ ಬಿಡಬೇಡಿ

ಪುರಿ, ಕಡಲೆ, ಬಾಳೆಹಣ್ಣು, ಚೆಂಡುಹೂವಿನ ಹಾರ. ಪೂಜೆಯ ಮರುದಿನ ತೆಗೆದರೆ ಭಕ್ತಿಗೆ ಏನೂ ಕಡಿಮೆಯಾಗದು. ಡ್ಯಾಶ್‌ಬೋರ್ಡಿನ ಸಂದಿಗೆ ಉದುರಿದ ಪುರಿಯನ್ನು ಹಿಂಬಾಲಿಸಿಯೇ ಇಲಿ ಬ್ಲೋವರಿನ ದಾರಿ ಕಲಿಯುತ್ತದೆ. ಹಿಂಡಿ, ಬೂಸಾ, ಕೋಳಿ ಫೀಡ್ ಹೇರಿದ ಗಾಡಿಯನ್ನು ಇಳಿಸಿದ ದಿನವೇ ಗುಡಿಸಬೇಕು.

16. ವಿಷ ಬೇಡ, ಬೋನು ಸಾಕು

ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟರಂತೆ. ಕ್ಯಾಬಿನ್ನಿನಲ್ಲಿ ಪಾಷಾಣ ಇಟ್ಟರೆ ಅದನ್ನು ತಿಂದ ಇಲಿ ಹೊರಗೆ ಹೋಗಿಯೇ ಸಾಯುತ್ತದೆ ಎಂಬ ಒಪ್ಪಂದವೇನೂ ಇಲ್ಲ. ಕಾಯಿಲ್ಲಿನ ಹಿಂದೆ ಸತ್ತರೆ ವಾರಗಟ್ಟಲೆ ಕಿಟಕಿ ತೆರೆದೇ ಗಾಡಿ ಓಡಿಸಬೇಕು. ಮನೆಯ ನಾಯಿ, ಬೆಕ್ಕು, ಮಕ್ಕಳ ಕೈಗೆ ಸಿಗುವ ಭಯ ಬೇರೆ. ಗೋಡೆಯಂಚಿಗೆ, ಚಕ್ರದ ಬದಿಗೆ ಬೋನಿಟ್ಟು ಒಣಕೊಬ್ಬರಿಯ ಚೂರು ಸಿಕ್ಕಿಸಿ. ಬಾನೆಟ್ಟಿನಲ್ಲಿ ಹೊಗೆಸೊಪ್ಪು ಕಟ್ಟುವುದು ಡ್ರೈವರುಗಳ ಹಳೆಯ ರೂಢಿ. ವಾಸನೆ ಇರುವಷ್ಟು ದಿನ ನಡೆದೀತು, ಅದನ್ನೇ ನಂಬಿ ಕೂರುವಂತಿಲ್ಲ. ನುಸಿಗುಳಿಗೆಯನ್ನು ಬ್ಲೋವರ್ ಡಬ್ಬದಲ್ಲಿ ಹಾಕುವವರು ಅದರ ಹೊಗೆಯನ್ನು ಇಲಿಗಿಂತ ಹೆಚ್ಚು ತಾವೇ ಕುಡಿಯುತ್ತಾರೆ. ಕಿವಿಗೆ ಕೇಳದ ಸದ್ದು ಮಾಡುವ ಎಲೆಕ್ಟ್ರಾನಿಕ್ ಡಬ್ಬಿಗೆ ಇಲಿ ಕೆಲವು ದಿನದಲ್ಲಿ ಹೊಂದಿಕೊಂಡುಬಿಡುತ್ತದೆ.

17. ನಿಂತ ಗಾಡಿಯನ್ನು ವಾರಕ್ಕೊಮ್ಮೆ ಎಬ್ಬಿಸಿ

ಇಲಿ ಬಸುರಾಗಿ ಮರಿ ಹಾಕಲು ಸುಮಾರು ಮೂರು ವಾರ ಸಾಕು. ತಿಂಗಳು ಬಿಟ್ಟು ನೋಡಿದರೆ ಒಂದಿದ್ದದ್ದು ಸಂಸಾರವಾಗಿರುತ್ತದೆ. ವಾರಕ್ಕೊಮ್ಮೆ ಬಾನೆಟ್ ತಟ್ಟಿ, ಎತ್ತಿ, ಹತ್ತು ನಿಮಿಷ ಎಂಜಿನ್ ಓಡಿಸಿ ಜಾಗ ಬದಲಿಸಿ ನಿಲ್ಲಿಸಿ. ಸಾಧ್ಯವಾದರೆ ಹುಲ್ಲಿನ ಬಣವೆ, ಸೌದೆ ರಾಶಿಯಿಂದ ದೂರ. ಕೀ ತೆಗೆಯುವ ಮುನ್ನ ಗಾಳಿಯ ಲಿವರನ್ನು ಒಳಗಿನ ಗಾಳಿಯ ಕಡೆಗೆ ಸರಿಸಿ. ಹೊರಗಿನಿಂದ ಬ್ಲೋವರಿಗೆ ಬರುವ ಬಾಗಿಲು ಬಹುತೇಕ ಗಾಡಿಗಳಲ್ಲಿ ಅಷ್ಟಕ್ಕೇ ಮುಚ್ಚಿಕೊಳ್ಳುತ್ತದೆ.